ಹಳದಿ ದೀಪಕ್ಕೆ ಟೇಪು ಅಂಟಿಸಿದರೆ ಬ್ರೇಕು ಸರಿಹೋದೀತೇ?

ಹಾಸನ: ಸಕಲೇಶಪುರ ದಾಟಿ ಗುಂಡ್ಯದ ಕಡೆಗೆ ಶಿರಾಡಿ ಘಾಟಿ ಇಳಿಯುವ ಈಚಿನ ಲಾರಿಗಳ ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ಹಳದಿ ದೀಪವಿರುತ್ತದೆ. ಅದರ ಮೇಲೆ ಎ.ಬಿ.ಎಸ್. ಎಂಬ ಮೂರಕ್ಷರ. ಈ ದೀಪ ಆರದೆ ಉರಿಯುತ್ತಲೇ ಇದ್ದರೆ ಏನು ಮಾಡಬೇಕು? ಬಲ್ಲವರು ಗಾಡಿಯನ್ನು ಗ್ಯಾರೇಜಿಗೆ ಒಯ್ಯುತ್ತಾರೆ. ಕೆಲವು ಮಹಾಶಯರು ದೀಪಕ್ಕೇ ಕಪ್ಪು ಟೇಪು ಅಂಟಿಸಿ ಲೋಡು ಹೊರಡಿಸುತ್ತಾರೆ! ‘ಬ್ರೇಕ್ ಹಿಡೀತದಲ್ಲ, ಇನ್ನೇನಣ್ಣ?’ ಎಂಬ ಧೈರ್ಯ ಬೇರೆ.

ಬ್ರೇಕು ಹಿಡಿಯುತ್ತದೆ, ಸುಳ್ಳಲ್ಲ. ಎ.ಬಿ.ಎಸ್. ಕೆಟ್ಟರೂ ಗಾಳಿ ಬ್ರೇಕು ಮಾಮೂಲಿನಂತೆ ಕೆಲಸ ಮಾಡುತ್ತದೆ. ಮೋಸ ಹೋಗುವುದೇ ಇಲ್ಲಿ. ಒಣ ರಸ್ತೆಯಲ್ಲಿ ನಿಧಾನಕ್ಕೆ ಓಡಿಸುವಾಗ ವ್ಯತ್ಯಾಸ ಗೊತ್ತಾಗದು. ಮಳೆಗೆ ನೆನೆದ ತಿರುವಿನಲ್ಲಿ ದಿಢೀರನೆ ಪೆಡಲ್ ಒತ್ತಿದಾಗ ಚಕ್ರ ಉರುಳುವುದು ನಿಂತು ಜಾರತೊಡಗುತ್ತದೆ. ಮುಂದಿನ ಚಕ್ರ ಜಾಮ್ ಆದರೆ ಸ್ಟೇರಿಂಗ್ ಎತ್ತ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಹಿಂದಿನ ಚಕ್ರವಾದರೆ ಲಾರಿಯ ಹಿಂಭಾಗ ಅಡ್ಡ ತಿರುಗುತ್ತದೆ. ಆ ಹೊತ್ತಿಗೆ ಎದುರಿನಿಂದ ಬಸ್ಸು ಬಂದರೆ? ಬಿಡಿಸಿ ಹೇಳಬೇಕಾದ್ದಿಲ್ಲ.

ಈ ಅನಾಹುತ ತಪ್ಪಿಸಲೆಂದೇ ಎ.ಬಿ.ಎಸ್. ಹುಟ್ಟಿದ್ದು. ಲಾರಿಗಳಿಗೆ ಇದು ಬಂದದ್ದು 1981ರಲ್ಲಿ, ಜರ್ಮನಿಯಲ್ಲಿ. ನಮ್ಮ ದೇಶದಲ್ಲಿ 2015ರಿಂದ ಹೊಸ ಭಾರಿ ಲಾರಿಗಳಿಗೆ ಕಡ್ಡಾಯ. ಇದರ ಲೆಕ್ಕಾಚಾರ ಬಲು ಸರಳ. ಚಕ್ರದ ಹಬ್ಬಿನಲ್ಲಿ ಹಲ್ಲುಗಳಿರುವ ಒಂದು ಉಕ್ಕಿನ ರಿಂಗು. ಸಾಮಾನ್ಯವಾಗಿ 80 ಇಲ್ಲವೇ 100 ಹಲ್ಲು. ಅದರೆದುರು ಬೆರಳುದ್ದದ ಸೆನ್ಸರು. ಚಕ್ರ ತಿರುಗಿದಂತೆ ಸೆನ್ಸರಿನಲ್ಲಿ ಸಣ್ಣ ಕರೆಂಟು ಹುಟ್ಟಿ ಕಂಪ್ಯೂಟರ್ ಪೆಟ್ಟಿಗೆಗೆ ವೇಗ ತಿಳಿಸುತ್ತದೆ. ಯಾವುದಾದರೂ ಚಕ್ರ ಜಾಮ್ ಆಗುವ ಸೂಚನೆ ಸಿಕ್ಕರೆ ಸಾಕು, ಪೆಟ್ಟಿಗೆಯು ಆ ಚಕ್ರದ ಗಾಳಿಯನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಚಕ್ರ ಉರುಳುತ್ತಲೇ ಬ್ರೇಕು ಹಿಡಿಯುತ್ತದೆ, ಸ್ಟೇರಿಂಗು ಮಾತು ಕೇಳುತ್ತದೆ.

ದೀಪ ಹೊತ್ತಿತೆಂದರೆ ಪೆಟ್ಟಿಗೆಯೇ ಹೋಯಿತು, ಹತ್ತಾರು ಸಾವಿರ ಕೈಬಿಟ್ಟಿತು ಎಂದು ಮಾಲೀಕರು ಹೌಹಾರುವುದುಂಟು. ಬಲ್ಲ ಮೇಸ್ತ್ರಿಗಳು ಪೆಟ್ಟಿಗೆಯನ್ನು ಮುಟ್ಟುವುದು ಕಟ್ಟಕಡೆಗೆ. ಸಾಮಾನ್ಯವಾಗಿ ದೋಷ ಇರುವುದು ಚಕ್ರದ ಬಳಿ ಇಲ್ಲವೇ ವೈರಿನಲ್ಲಿ.

ಮೊದಲು ಬ್ಯಾಟರಿ ಮತ್ತು ಫ್ಯೂಸು. 24 ವೋಲ್ಟಿನ ಗಾಡಿಯಲ್ಲಿ ಬ್ಯಾಟರಿ ಸೊರಗಿದರೂ ದೀಪ ಹೊತ್ತಬಹುದು. ನಂತರ ಕೀ ತಿರುಗಿಸಿ ಕಿವಿಗೊಟ್ಟು ಕೇಳಬೇಕು. ಗಾಳಿ ವಾಲ್ವುಗಳು ಒಂದಾದ ಮೇಲೊಂದು ಟಿಕ್ ಟಿಕ್ ಎನ್ನುತ್ತವೆ. ಒಂದು ಮೂಲೆಯಿಂದ ಸದ್ದೇ ಬಾರದಿದ್ದರೆ ಹುಡುಕುವುದು ಅಲ್ಲಿಂದಲೇ. ಅನೇಕ ಗಾಡಿಗಳಲ್ಲಿ ದೀಪವನ್ನೇ ಮಿನುಗಿಸಿ ಕೋಡ್ ಓದುವ ವ್ಯವಸ್ಥೆಯಿದೆ. ಎಷ್ಟು ಮಿನುಗು, ಯಾವ ಚಕ್ರ ಎಂಬುದು ಕಂಪನಿಯ ಪುಸ್ತಕದಲ್ಲಿರುತ್ತದೆ.

ಚಕ್ರ ಗೊತ್ತಾಯಿತೆ? ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಆ ಚಕ್ರವನ್ನು ಜ್ಯಾಕಿನಲ್ಲಿ ಎತ್ತಿ, ಕೆಳಗೆ ಗಟ್ಟಿ ಆಸರೆ ಇಟ್ಟು, ಸೆನ್ಸರಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಬೇಕು. ಬಹುತೇಕ ಸೆನ್ಸರುಗಳು ಸುಮಾರು 900ರಿಂದ 2,000 ಓಮ್ ಒಳಗೆ ತೋರಿಸುತ್ತವೆ. ಏನೂ ತೋರಿಸದಿದ್ದರೆ ವೈರು ತುಂಡು. ಓಮ್ ಸರಿಯಿದ್ದರೆ ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ, ಎರಡು ಸೆಕೆಂಡಿಗೊಂದು ಸುತ್ತಿನಂತೆ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. 0.2 ವೋಲ್ಟಾದರೂ ಬರಬೇಕು. ಬಾರದಿದ್ದರೆ ಸೆನ್ಸರು ರಿಂಗಿನಿಂದ ದೂರ ಸರಿದಿದೆ, ಇಲ್ಲವೇ ಹಲ್ಲುಗಳಿಗೆ ಕೆಸರು, ತುಕ್ಕು ಮೆತ್ತಿದೆ ಎಂದರ್ಥ.

ಸೆನ್ಸರನ್ನು ಹಿಡಿದಿರುವುದು ಒಂದು ಸ್ಪ್ರಿಂಗ್ ಬುಷ್ ಮಾತ್ರ. ಕೈಯಿಂದ ರಿಂಗಿಗೆ ತಾಗುವವರೆಗೆ ಒತ್ತಿದರೆ ಆಯಿತು. ಸುತ್ತಿಗೆ ಏಟು ಕೂಡದು. ಎರಡೇ ದಿನದಲ್ಲಿ ಮತ್ತೆ ಸರಿದರೆ ತಪ್ಪು ಸೆನ್ಸರಿನದಲ್ಲ, ಹಬ್ ಬೇರಿಂಗಿನ ಸಡಿಲಿನದು. ಆಗ ಹಳದಿ ದೀಪಕ್ಕೆ ಕೈಮುಗಿಯಬೇಕು. ಬೇರಿಂಗು ಪೂರಾ ಹೋಗುವ ಮೊದಲೇ ಅದು ಎಚ್ಚರಿಸಿದೆ!

ರಿಪೇರಿ ಮುಗಿದ ಮೇಲೂ ದೀಪ ಆರಲಿಲ್ಲವೆಂದು ಮೇಸ್ತ್ರಿಯ ಮೇಲೆ ಹಾರಾಡಬೇಕಾಗಿಲ್ಲ. ಅನೇಕ ಗಾಡಿಗಳಲ್ಲಿ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗಕ್ಕೆ ಓಡಿಸಿದ ಮೇಲಷ್ಟೇ ಅದು ಆರುತ್ತದೆ.

ಇನ್ನು ಗ್ಯಾರೇಜಿನಲ್ಲೇ ಹುಟ್ಟುವ ರೋಗಗಳೂ ಉಂಟು. ಬಾಡಿ ಕಟ್ಟುವಾಗ ಬ್ಯಾಟರಿ ವೈರು ಬಿಚ್ಚದೆ, ಪೆಟ್ಟಿಗೆಯ ಕನೆಕ್ಟರ್ ಕಳಚದೆ ವೆಲ್ಡಿಂಗ್ ಮಾಡುವುದು ಒಂದು. ಕನೆಕ್ಟರಿಗೆ ನೇರ ಪೈಪು ಹಿಡಿದು ನೀರು ಹೊಡೆಯುವುದು ಇನ್ನೊಂದು. ಲೈನರ್ ಬದಲಿಸಿದವರು ಸೆನ್ಸರಿನ ವೈರನ್ನು ಕ್ಲಿಪ್ಪಿಗೆ ಕಟ್ಟದೆ ಜೋತು ಬಿಡುವುದು ಮೂರನೆಯದು. ಐದು ನಿಮಿಷದ ಸೋಮಾರಿತನ, ತಿಂಗಳುಗಟ್ಟಲೆ ತಾಪತ್ರಯ.

ಎ.ಬಿ.ಎಸ್. ಇದೆಯೆಂದು ಓವರ್‌ಲೋಡು ತುಂಬಿ, ನ್ಯೂಟ್ರಲ್ಲಿನಲ್ಲಿ ಘಾಟಿ ಇಳಿಸುವವರನ್ನು ಅದು ಕಾಪಾಡಲಾರದು. ಸವೆದ ಲೈನರಿಗೂ ಅದು ಮದ್ದಲ್ಲ. ಆದರೆ ಇರುವ ರಕ್ಷಣೆಯನ್ನು ಟೇಪು ಅಂಟಿಸಿ ಕಳೆದುಕೊಳ್ಳುವುದು ಯಾವ ಜಾಣತನ?

ಲಾರಿ ಓಡಿಸುವವನು ಸಂಬಳದ ಡ್ರೈವರ್. ದೀಪದ ಸುದ್ದಿ ಎತ್ತಿದರೆ ‘ಈ ಟ್ರಿಪ್ ಮುಗಿಸ್ಕೊಂಡ್ ಬಾರಪ್ಪ, ಆಮೇಲ್ ನೋಡೋಣ’ ಎನ್ನುವ ಮಾಲೀಕರು, ಆ ಸೀಟಿನಲ್ಲಿ ಕೂತು ಮಳೆಯಲ್ಲಿ ಒಮ್ಮೆ ಘಾಟಿ ಇಳಿದು ನೋಡಲಿ. ಎಫ್.ಸಿ. ಮಾಡುವಾಗ ಕೀ ತಿರುಗಿಸಿ ದೀಪ ಹೊತ್ತುತ್ತದೆಯೇ, ಗಾಡಿ ಕದಲಿದ ಮೇಲೆ ಆರುತ್ತದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಹೊತ್ತಲೇ ಇಲ್ಲವೆಂದರೆ ಬಲ್ಬು ಕಿತ್ತಿರಬಹುದು. ಇಷ್ಟನ್ನಾದರೂ ಸಂಬಂಧಪಟ್ಟವರು ಗಮನಿಸುವರೇ?