ಮಳೆಗಾಲದಲ್ಲೂ ಬಾಯಿ ಬಿಡುವ ಡ್ರಾವರ್

2021ರ ಜುಲೈ. ನಾಲ್ಕು ದಿನ ಬಿಡದೆ ಹೊಯ್ದ ಮಳೆ ಅಂದು ಬೆಳಿಗ್ಗೆ ಹೊಳವು ಕೊಟ್ಟಿತ್ತು. ಅಡಿಕೆಗೆ ಎರಡನೇ ಮದ್ದು ಬಿಡಲು ಇದೇ ಸಮಯ. ಮದ್ದು ಬಿಡುವವರು ಎಂಟು ಗಂಟೆಗೇ ಬಂದಿದ್ದರು. ಒಂದು ಡ್ರಮ್ ಬೋರ್ಡೋ ತಯಾರಾಗಿತ್ತು. ಪಂಪಿನ ವಾಷರ್ ಹೋಗಿದೆಯೆಂದು ಆಗ ಗೊತ್ತಾಯಿತು. ಹೊಸತು ತಂದಿಟ್ಟಿದ್ದೆ, ಚಿಂತೆ ಇಲ್ಲ. ಆದರೆ ಅದು ಇದ್ದದ್ದು ಶೆಡ್ಡಿನ ಹಳೆ ಕಪಾಟಿನ ಡ್ರಾವರಿನಲ್ಲಿ. ಡ್ರಾವರ್ ಬರಲೇ ಇಲ್ಲ.

ಎಳೆದೆ, ಗುದ್ದಿದೆ, ಕತ್ತಿ ತೂರಿಸಿ ಮೀಟಿದೆ. ಹಿಡಿ ಕಿತ್ತು ಕೈಗೆ ಬಂತು. ಕಪಾಟಿನ ಬೆನ್ನುಹಲಗೆ ಒಡೆದು ವಾಷರ್ ತೆಗೆಯುವಾಗ ಹತ್ತೂವರೆ. ಹನ್ನೊಂದಕ್ಕೆ ಮಳೆ ಮತ್ತೆ ಹಿಡಿಯಿತು. ಬೋರ್ಡೋ ಅಂದಂದೇ ಮುಗಿಸಬೇಕಾದ ಮದ್ದು. ಆ ಡ್ರಮ್ಮಿನದ್ದು ದಂಡವಾಯಿತು. ಮದ್ದಿನವರು ಮಾರನೇ ದಿನಕ್ಕೆ ಬೇರೆ ತೋಟ ಒಪ್ಪಿಕೊಂಡಿದ್ದರು. ನಮ್ಮಲ್ಲಿಗೆ ಮತ್ತೆ ಬಂದದ್ದು ಹನ್ನೆರಡು ದಿನ ಕಳೆದು. ಅಷ್ಟರಲ್ಲಿ ತೋಡಿನ ಬದಿಯ ಸಾಲುಗಳಲ್ಲಿ ಕೊಳೆ ಕಾಣಿಸಿಕೊಂಡಿತ್ತು. ಅದಕ್ಕೆಲ್ಲ ಡ್ರಾವರೇ ಕಾರಣ ಎಂದರೆ ತಪ್ಪಾದೀತು. ಆದರೂ ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ಆ ಕಪಾಟು ಅಪ್ಪನ ಕಾಲದ್ದು, ಮಾವಿನ ಹಲಗೆಯದ್ದು. ಮರದ ಮೇಲೆ ಮರ ಜಾರುವ ಡ್ರಾವರ್. ಬೇಸಗೆಯಲ್ಲಿ ಗಡಗಡ ಅಲ್ಲಾಡುತ್ತದೆ, ಆಟಿಯಲ್ಲಿ ಕಚ್ಚಿಕೊಳ್ಳುತ್ತದೆ. ಮರ ಗಾಳಿಯ ತೇವ ಕುಡಿದು ನಾರಿಗೆ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬದಿಹಲಗೆಗಳು ಎತ್ತರಕ್ಕೆ ಬೆಳೆದು ಖಾನೆಗೆ ಒತ್ತುತ್ತವೆ. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಅದರಲ್ಲಿ ಈ ಉಪದ್ರ ಬಹಳ ಕಡಿಮೆ. ಜತೆಗೆ ಟೆಲಿಸ್ಕೋಪಿಕ್ ಚಾನೆಲ್ ಹಾಕಿದರೆ ಮರಕ್ಕೆ ಮರ ತಾಗುವುದೇ ಇಲ್ಲ. ಡ್ರಾವರ್ ಸಣ್ಣ ಉಕ್ಕಿನ ಗುಂಡುಗಳ ಮೇಲೆ ಓಡುತ್ತದೆ.

ಆಚಾರಿಗೆ ಪುರುಸೊತ್ತಿರಲಿಲ್ಲ. ನಾನೇ ಮಾಡುವುದೆಂದು ಹೊರಟೆ. ನೀರು ತಾಳುವ ದರ್ಜೆಯ 18 ಮಿ.ಮೀ. ಪ್ಲೈವುಡ್ಡಿನಿಂದ ಎರಡಡಿ, ಅಂದರೆ 610 ಮಿ.ಮೀ. ಅಗಲದ ಕಪಾಟು. ಐದು ಡ್ರಾವರ್. ಎರಡು ಬದಿಯ ದಪ್ಪ ಕಳೆದರೆ ಒಳ ಅಗಲ 574 ಮಿ.ಮೀ. ಚಾನೆಲಿಗೆ ಅರ್ಧ ಇಂಚು ಜಾಗ ಬಿಡಬೇಕೆಂದು ಎಲ್ಲೋ ಕೇಳಿದ್ದೆ. ಅರ್ಧ ಇಂಚು ಕಳೆದು ಐದೂ ಪೆಟ್ಟಿಗೆ ಮಾಡಿ, ಅಂಟು ಹಾಕಿ, ಮೊಳೆ ಹೊಡೆದೆ. ಚಾನೆಲ್ ತಂದದ್ದು ಆಮೇಲೆ.

ಒಂದೂ ಒಳಗೆ ಹೋಗಲಿಲ್ಲ!

ಭಾನುವಾರ ಆಚಾರಿ ಬಂದು ನೋಡಿದರು. "ಅರ್ಧ ಇಂಚು ಒಂದು ಬದಿಗೆ ಮಾರಾಯ್ರೆ, ಎರಡಕ್ಕೂ ಸೇರಿ ಅಲ್ಲ. ಮೊದಲು ಚಾನೆಲ್ ತರಬೇಕು, ಪೆಟ್ಟಿಗೆ ಆಮೇಲೆ" ಎಂದು ನಕ್ಕರು. ಐದೂ ಪೆಟ್ಟಿಗೆ ಬಿಚ್ಚಿ, ಎದುರು ಮತ್ತು ಹಿಂದಿನ ಹಲಗೆ ಕೊಯ್ದು ಮತ್ತೆ ಕೂಡಿಸಲು ಎರಡು ದಿನ ಹೋಯಿತು.

ಲೆಕ್ಕ ಹೀಗೆ: ಖಾನೆಯ ಒಳ ಅಗಲದಿಂದ 26 ಮಿ.ಮೀ. ಕಳೆಯಿರಿ. ನನ್ನದು 574ರಲ್ಲಿ 26 ಹೋಗಿ 548. ಇದು ಪೆಟ್ಟಿಗೆಯ ಹೊರ ಅಗಲ. ಬದಿಗಳಿಗೆ 12 ಮಿ.ಮೀ. ಪ್ಲೈ ಹಾಕಿದ ಕಾರಣ, ಅವುಗಳ ನಡುವೆ ಕೂರುವ ಹಲಗೆ 524. ಖಾನೆಯ ಅಗಲವನ್ನು ಎದುರು, ನಡು, ಹಿಂದೆ ಮೂರೂ ಕಡೆ ಅಳೆಯಿರಿ. ಹಿಂದೆ ಕಿರಿದಾಗಿದ್ದರೆ ಡ್ರಾವರ್ ಅರ್ಧ ಹೋಗಿ ನಿಲ್ಲುತ್ತದೆ. ಪೆಟ್ಟಿಗೆ ಒಂದು ಮಿ.ಮೀ. ಕಿರಿದಾದರೆ ಚಾನೆಲಿನ ಹಿಂದೆ ರಟ್ಟು ಕೊಟ್ಟು ಸರಿಮಾಡಬಹುದು. ಅಗಲವಾದರೆ ಕೀಸುಳಿಯೇ ಗತಿ.

ಚಾನೆಲಿನ ಉದ್ದ ಎರಡೆರಡು ಇಂಚಿನ ಅಂತರದಲ್ಲಿ ಸಿಗುತ್ತದೆ. ನಮ್ಮ ಕಪಾಟಿನ ಆಳ 20 ಇಂಚು, ಹಾಕಿದ್ದು 18 ಇಂಚಿನದ್ದು. ಎಡ, ಬಲ ಒಂದೇ ಮಟ್ಟದಲ್ಲಿ ಇರುವುದೇ ಮುಖ್ಯ. ಟೇಪು ಹಿಡಿದು ಹತ್ತು ಸಲ ಅಳೆದರೂ ಎಲ್ಲೋ ಎರಡು ಮಿ.ಮೀ. ತಪ್ಪುತ್ತದೆ. ಆಚಾರಿ ಹೇಳಿಕೊಟ್ಟ ಉಪಾಯ ಇದಕ್ಕೆ ಮದ್ದು. ಮೇಲಿನ ಡ್ರಾವರಿನ ಚಾನೆಲ್ ಎಷ್ಟು ಎತ್ತರದಲ್ಲಿ ಬೇಕೋ ಅಷ್ಟೇ ಎತ್ತರದ ಪ್ಲೈ ತುಂಡೊಂದನ್ನು ಕೊಯ್ಯುವುದು. ಅದನ್ನು ಕಪಾಟಿನ ಒಳಗೆ, ತಳದ ಮೇಲೆ, ಬದಿಗೆ ಒರಗಿಸಿ ನಿಲ್ಲಿಸುವುದು. ಅದರ ತಲೆಯ ಮೇಲೆ ಚಾನೆಲ್ ಇಟ್ಟು ಸ್ಕ್ರೂ. ಅದೇ ತುಂಡನ್ನು ಇನ್ನೊಂದು ಬದಿಗೆ ಒಯ್ದು ಹಾಗೆಯೇ. ಆಮೇಲೆ ಆ ತುಂಡನ್ನೇ ಎರಡನೇ ಡ್ರಾವರಿನ ಎತ್ತರಕ್ಕೆ ಕೊಯ್ಯುವುದು. ಹೀಗೆ ಮೇಲಿನಿಂದ ಕೆಳಗೆ. ಟೇಪು ಬೇಕಾಗುವುದು ತುಂಡು ಕೊಯ್ಯುವಾಗ ಮಾತ್ರ.

ಚಾನೆಲಿನ ಒಳಪಟ್ಟಿ ಕಳಚುವುದಕ್ಕೆ ಕಪ್ಪು ಪ್ಲಾಸ್ಟಿಕ್ ನಾಲಗೆ ಉಂಟು. ಅದನ್ನು ಒತ್ತಿ ಎಳೆದರೆ ಬರುತ್ತದೆ. ಡ್ರಾವರ್ ತೆಗೆಯುವಾಗ ಒಂದು ಬದಿಯದ್ದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಒತ್ತಬೇಕು. ಒಳಪಟ್ಟಿ ಡ್ರಾವರಿಗೆ, ಉಳಿದದ್ದು ಕಪಾಟಿಗೆ. ಮೊದಲು ಉದ್ದ ತೂತುಗಳಲ್ಲಿ ಮಾತ್ರ ಸ್ಕ್ರೂ ಹಾಕಿ. ಡ್ರಾವರ್ ಓಡಿಸಿ ನೋಡಿ, ಬೇಕಾದಷ್ಟು ಆಚೀಚೆ ಸರಿಸಿ, ಆಮೇಲೆ ಉರುಟು ತೂತುಗಳಿಗೆ. ಸ್ಕ್ರೂವಿನ ತಲೆ ಉಬ್ಬಿ ನಿಂತರೆ ಪಟ್ಟಿಗೆ ತಾಗುತ್ತದೆ, ಚಪ್ಪಟೆ ತಲೆಯದ್ದೇ ಬೇಕು. ಚಾನೆಲಿನ ಮೂತಿ ಕಪಾಟಿನ ಅಂಚಿನಿಂದ ಎರಡು ಮೂರು ಮಿ.ಮೀ. ಒಳಗಿರಲಿ. ಮುಖಹಲಗೆ ಖಾನೆಯ ಒಳಗೇ ಕೂರುವುದಾದರೆ ಅದರ ದಪ್ಪದಷ್ಟು ಇನ್ನೂ ಹಿಂದೆ. ಮುಖಹಲಗೆ ಜೋಡಿಸುವುದು ಕಟ್ಟಕಡೆಗೆ, ಪೆಟ್ಟಿಗೆಯ ಒಳಗಿನಿಂದ ಸ್ಕ್ರೂ ಹಾಕಿ.

ನಾನು ಇನ್ನೊಂದು ಪೆದ್ದುತನ ಮಾಡಿದೆ. ಡ್ರಾವರ್ ತೂರಿಸುವ ಮೊದಲು ಗುಂಡುಗಳಿರುವ ಪಟ್ಟಿಯನ್ನು ಪೂರ್ತಿ ಮುಂದಕ್ಕೆ ಎಳೆದಿಡಬೇಕು. ಹಾಗೆ ಮಾಡದೆ ದೂಡಿದೆ. ಪಟ್ಟಿ ಡೊಂಕಾಗಿ ಗುಂಡುಗಳೆಲ್ಲ ಅಂಗಳಕ್ಕೆ ಹಾರಿದವು. ಒಂದು ಜೋಡಿ ಚಾನೆಲ್ ಅಲ್ಲಿಗೆ ಮುಗಿಯಿತು.

ಎಣ್ಣೆ ಬೇಡ. ಎಣ್ಣೆಗೆ ಶೆಡ್ಡಿನ ಧೂಳು ಅಂಟಿ ಕೆಸರಾಗುತ್ತದೆ. ನಾನು ಒಣ ಬ್ರಷ್ಷಿನಲ್ಲಿ ಉಜ್ಜುತ್ತೇನೆ ಅಷ್ಟೆ. ಮೈಲುತುತ್ತು ಮಾತ್ರ ಈ ಕಪಾಟಿನ ಹತ್ತಿರಕ್ಕೂ ಬರಕೂಡದು, ಅದು ಕಬ್ಬಿಣವನ್ನು ತಿನ್ನುತ್ತದೆ. ಪ್ಲೈವುಡ್ಡಿನ ಕೊಯ್ದ ಅಂಚುಗಳಿಗೆಲ್ಲ ಬಣ್ಣ ಬಳಿದು, ಕಪಾಟನ್ನು ನಾಲ್ಕಿಂಚು ಕಾಲಿನ ಮೇಲೆ, ಗೋಡೆಯಿಂದ ಸ್ವಲ್ಪ ಬಿಟ್ಟು ನಿಲ್ಲಿಸಿದ್ದೇನೆ.

2022ರಿಂದ ಈಚೆಗೆ ಆಟಿಯಲ್ಲಿಯೂ ಡ್ರಾವರ್ ಒಂದು ಬೆರಳಿಗೆ ಬರುತ್ತದೆ. ಪೂರ್ತಿ ಹೊರಗೆ ಬರುವ ಕಾರಣ ಹಿಂದಿನ ಮೂಲೆಯ ನಾಝಲ್ ಕೂಡಾ ಕಣ್ಣಿಗೆ ಬೀಳುತ್ತದೆ. ಮೂರನೆಯದ್ದು ಮಾತ್ರ ಈಗಲೂ ಕಿರ್ರೆನ್ನುತ್ತದೆ, ಪೆಟ್ಟಿಗೆಯ ಮೂಲೆಮಟ್ಟ ಅಷ್ಟು ಸರಿ ಬರಲಿಲ್ಲ. ಐದನೆಯದ್ದನ್ನು ಮನೆಯವಳು ತರಕಾರಿ ಬೀಜದ ಡಬ್ಬಿಗಳಿಗೆಂದು ವಶಪಡಿಸಿಕೊಂಡಿದ್ದಾಳೆ. ಪಂಪಿನ ಪೈಪುಗಳಿಗೆ ಬೇರೆ ಜಾಗ ಹುಡುಕಬೇಕಷ್ಟೆ.