ದೊಡ್ಡ ನಾಯಿಗೆ ಎರಡನೇ ಮನೆ: ಕೊಡೋ ಮುಂಚೆ ಏನು ಕೇಳ್ಬೇಕು, ಏನು ಹೇಳ್ಬೇಕು?

ಇವತ್ತಿನ ಎಪಿಸೋಡ್ ಬೀದಿಯಿಂದ ಕಾಪಾಡಿದ ದೊಡ್ಡ ನಾಯಿಗೆ ಹೊಸ ಮನೆ ಹುಡುಕೋದರ ಬಗ್ಗೆ. ಮರಿ ಅಲ್ಲ, ಮೂವತ್ತು ಕೆಜಿ ದಾಟಿದ, ಬೆಳೆದ ನಾಯಿ. ಮರಿಯ ಫೋಟೋ ಸ್ಟೇಟಸ್‌ಗೆ ಹಾಕಿದ್ರೆ ಸಂಜೆಯೊಳಗೆ ಫೋನ್ ಬರುತ್ತೆ. ದೊಡ್ಡದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತೆ.

ನಾನಿರೋದು ಅಲ್ಲಾಳಸಂದ್ರದಲ್ಲಿ. ನಮ್ಮದು ಫಾಸ್ಟರ್ ಮನೆ, ಅಂದ್ರೆ ಕಾಯಂ ಮನೆ ಸಿಗೋವರೆಗೆ ನಾಯಿ ಇಟ್ಕೊಳ್ಳೋ ಮನೆ. ಈಗ ಇರೋನು ಭೀಮ. ಶೆಫರ್ಡ್ ಮಿಶ್ರ ತಳಿ, 36 ಕೆಜಿ, ವಯಸ್ಸು ಸುಮಾರು ನಾಲ್ಕು. ಸಿಕ್ಕಾಗ ಕುತ್ತಿಗೆಯಲ್ಲಿ ಬೆಲ್ಟ್ ಇತ್ತು, ಹುಡುಕಿಕೊಂಡು ಯಾರೂ ಬರಲಿಲ್ಲ. ಒಂದು ಸಲ ಬಿಟ್ಟುಹೋಗಿದ್ದಾರೆ. ಎರಡನೇ ಸಲ ಹಾಗಾಗಬಾರದು, ಅದಕ್ಕೇ ಇಷ್ಟೆಲ್ಲ ಮಾತು.

ಮೊದಲು ಕಾನೂನು

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣಿಯನ್ನ ಬಿಟ್ಟುಹೋಗೋದು ಅಪರಾಧ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅಂದ್ರೆ ಒಂದು ಮಸಾಲೆ ದೋಸೆಗಿಂತ ಕಮ್ಮಿ. ಹಾಗಾಗಿ ಕಾನೂನಿಗೆ ಹೆದರಿ ಯಾರೂ ನಾಯಿ ಸಾಕಲ್ಲ. ಸರಿಯಾದ ಮನೆ ಆರಿಸೋದೊಂದೇ ನಮ್ಮ ಕೈಯಲ್ಲಿರೋದು.

ತುಂಬಾ ಜನ ಕೇಳೋ ಇನ್ನೊಂದು ಪ್ರಶ್ನೆ: "ರಾಟ್‌ವೈಲರ್, ಪಿಟ್‌ಬುಲ್ ಬ್ಯಾನ್ ಆಗಿದೆ ಅಲ್ವಾ?" 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ 23 ತಳಿಗಳನ್ನ ಅಪಾಯಕಾರಿ ಅಂತ ಪಟ್ಟಿ ಮಾಡಿ, ಅವುಗಳ ಮಾರಾಟ, ಸಾಕಣೆಗೆ ಪರವಾನಗಿ ಕೊಡಬೇಡಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಒಂದು ತಿಂಗಳೊಳಗೆ, ಏಪ್ರಿಲ್ 10ಕ್ಕೆ, ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನ ರದ್ದು ಮಾಡ್ತು. ಸಂಬಂಧಪಟ್ಟವರ ಮಾತೇ ಕೇಳಿಲ್ಲ ಅನ್ನೋದು ಅದಕ್ಕೆ ಒಂದು ಕಾರಣ. ಅಪಾರ್ಟ್‌ಮೆಂಟ್ ಸಂಘದವರು "ದೊಡ್ಡ ನಾಯಿ ಬೇಡ" ಅಂದ್ರೆ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೋರಿಸಿ. ಗಾತ್ರ ನೋಡಿ ಸಾಕುನಾಯಿ ನಿಷೇಧಿಸೋ ಹಾಗಿಲ್ಲ ಅಂತ ಅದರಲ್ಲಿದೆ.

ಕೊಡೋ ಮುಂಚೆ

ಮೊದಲು ಪಶುವೈದ್ಯರು. ನಮ್ಮ ಕಡೆಯವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ರೇಬಿಸ್ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೊ ತಡೆಯೋ ಲಸಿಕೆ, ಜಂತುಹುಳ ಔಷಧಿ, ಉಣ್ಣೆ ಜ್ವರಕ್ಕೆ ರಕ್ತ ಪರೀಕ್ಷೆ. ದೊಡ್ಡ ತಳಿಗಳಲ್ಲಿ ಸೊಂಟದ ಕೀಲಿನ ತೊಂದರೆ ಜಾಸ್ತಿ, ಅದನ್ನೂ ನೋಡಿಸಿ.

ಸಂತಾನಹರಣ ಆಪರೇಷನ್ ಆಗದೆ ಕೊಡಲೇಬೇಡಿ. "ಫ್ರೀ, ಒಳ್ಳೆ ಬ್ರೀಡ್" ಅಂತ ಪೋಸ್ಟ್ ಹಾಕಿದ್ರೆ ಮರಿ ಮಾಡಿಸಿ ಮಾರೋರೂ ಕರೆ ಮಾಡ್ತಾರೆ. 2022ರಲ್ಲಿ ಬಂದ '777 ಚಾರ್ಲಿ' ನೋಡಿದೀರಲ್ಲ? ಚಾರ್ಲಿ ತಪ್ಪಿಸಿಕೊಂಡು ಬರೋದು ಅಂಥವನ ಕೈಯಿಂದಲೇ. ಆಪರೇಷನ್ ಆಗಿದೆ ಅಂದ ತಕ್ಷಣ ಆ ಫೋನುಗಳು ತಾವಾಗೇ ನಿಂತುಹೋಗ್ತವೆ.

ಆಮೇಲೆ ಎರಡು ವಾರ ನಾಯಿಯನ್ನ ಗಮನಿಸಿ, ಬರೆದಿಡಿ. ತಟ್ಟೆ ಹತ್ತಿರ ಹೋದ್ರೆ ಗುರ್ ಅನ್ನುತ್ತಾ? ಸ್ಕೂಟರ್ ಹಿಂದೆ ಓಡುತ್ತಾ? ಮಕ್ಕಳು, ಬೆಕ್ಕು ಕಂಡ್ರೆ ಹೇಗಿರುತ್ತೆ? ಭೀಮನ ಪಟ್ಟಿಯಲ್ಲಿರೋದು ಇದು: ಮಕ್ಕಳ ಜೊತೆ ಶಾಂತ, ಬೆಕ್ಕು ಆಗಲ್ಲ, ಕೈಯಲ್ಲಿ ಕೋಲು ಹಿಡಿದವರನ್ನ ಕಂಡ್ರೆ ಮೂಲೆ ಸೇರ್ತಾನೆ. ಯಾವತ್ತಾದ್ರೂ ಕಚ್ಚಿದ್ರೆ ಅದನ್ನೂ ಹೇಳಿ. ಮುಚ್ಚಿಟ್ಟು ಕೊಟ್ಟ ನಾಯಿ ವಾಪಸ್ ಬರುತ್ತೆ, ಇಲ್ಲಾಂದ್ರೆ ಬೀದಿಗೆ ಹೋಗುತ್ತೆ.

ಮನೆ ನೋಡೋಕೆ ಹೋದಾಗ

ಹೆಣ್ಣು ಗಂಡು ನೋಡೋಕೆ ಹೋದ ಹಾಗೇ, ಮನೆಯವರೆಲ್ಲ ಇದ್ದಾಗಲೇ ಹೋಗಿ. ಒಬ್ಬರಿಗೆ ಇಷ್ಟ, ಮಿಕ್ಕವರು "ಏನೋ ಮಾಡ್ಕೊಳ್ಳಲಿ" ಅಂದ್ರೆ ಅದು ಒಪ್ಪಿಗೆ ಅಲ್ಲ. ನಾನು ಕೇಳೋದು ಇಷ್ಟು: ಬೆಳಿಗ್ಗೆ ಆರಕ್ಕೆ ವಾಕಿಂಗ್ ಕರ್ಕೊಂಡು ಹೋಗೋರು ಯಾರು? ರಾತ್ರಿ ನಾಯಿ ಮಲಗೋದೆಲ್ಲಿ? ಊರಿಗೆ ಹೋದ್ರೆ ನೋಡ್ಕೊಳ್ಳೋರು ಯಾರು? ಬಾಡಿಗೆ ಮನೆ ಆದ್ರೆ ಓನರ್ ಒಪ್ಪಿಗೆ ಬರವಣಿಗೆಯಲ್ಲಿ ಇದೆಯಾ?

ಖರ್ಚನ್ನೂ ಬಾಯಿಬಿಟ್ಟು ಹೇಳಿ. ಊಟ ಮಾತ್ರ ಅಲ್ಲ, ಉಣ್ಣೆ ಔಷಧಿ, ಜಂತುಹುಳ ಮಾತ್ರೆ ಎಲ್ಲ ತೂಕದ ಲೆಕ್ಕದಲ್ಲೇ ಕೊಡೋದು. ನಾಯಿ ದೊಡ್ಡದಾದಷ್ಟೂ ಬಿಲ್ ದೊಡ್ಡದು.

"ಸೈಟ್ ಕಾಯೋಕೆ ಬೇಕು" ಅನ್ನೋರಿಗೆ ನನ್ನ ಉತ್ತರ ಒಂದೇ: ಕ್ಯಾಮೆರಾ ಹಾಕಿಸಿ. ಕಟ್ಟಡ ಕೆಲಸ ನಡೆಯೋ ಜಾಗದಲ್ಲಿ ದಿನವಿಡೀ ಚೈನಲ್ಲಿ ಕಟ್ಟಿದ ನಾಯಿ ಕಾವಲುಗಾರ ಆಗಲ್ಲ, ಎಲ್ಲರನ್ನೂ ಕಂಡು ಹೆದರೋ ನಾಯಿ ಆಗುತ್ತೆ.

ಮೊದಲ ದಿನಗಳು

ಒಂದೇ ಭೇಟಿಗೆ ಕೊಡಬೇಡಿ. ಎರಡು ಮೂರು ಸಲ ಅವರೇ ಬಂದು ವಾಕಿಂಗ್ ಕರ್ಕೊಂಡು ಹೋಗಲಿ. ಹೋಗುವಾಗ ಅದರ ಹಳೇ ಕಂಬಳಿ, ಅದೇ ತಟ್ಟೆ, ಒಂದು ವಾರಕ್ಕಾಗೋಷ್ಟು ಅದೇ ಊಟ ಕಳಿಸಿ. ಕಂಬಳಿ ಒಗೆಯಬೇಡಿ, ಆ ವಾಸನೆಯೇ ಅದಕ್ಕೆ ಧೈರ್ಯ.

ನಾಯಿ ದತ್ತು ಕೊಡೋರಲ್ಲಿ 3-3-3 ಅನ್ನೋ ಲೆಕ್ಕ ಇದೆ. ಮೊದಲ ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ದಿನಚರಿ ಅರ್ಥ ಆಗುತ್ತೆ, ಮೂರು ತಿಂಗಳಿಗೆ ತನ್ನ ಮನೆ ಅನ್ಸುತ್ತೆ. ಎಲ್ಲಾ ನಾಯಿಗೂ ಹೀಗೇ ಅಂತಲ್ಲ, ಅಂದಾಜಿಗೆ ಸಾಕು. ಮೊದಲ ವಾರ ನೆಂಟರನ್ನ ಕರೀಬೇಡಿ, ಸ್ನಾನ ಮಾಡಿಸಬೇಡಿ. ತಪ್ಪಿಸಿಕೊಂಡು ಓಡೋ ಭಯ ಜಾಸ್ತಿ ಇರೋದು ಆವಾಗಲೇ. ನಮ್ಮಲ್ಲಂತೂ ಬಳ್ಳಾರಿ ರಸ್ತೆ ಪಕ್ಕದಲ್ಲೇ ಇದೆ. ಬೆಲ್ಟಿಗೊಂದು ಹಗ್ಗ, ಎದೆಗೆ ಹಾಕೋ ಹಾರ್ನೆಸ್‌ಗೆ ಇನ್ನೊಂದು ಹಗ್ಗ, ಫೋನ್ ನಂಬರಿರೋ ಬಿಲ್ಲೆ. ಗೇಟಿಗೆ ಎರಡು ಚಿಲಕ.

ದಿನ ನೋಡಿಯೂ ಕೊಡಬೇಕು. ದೀಪಾವಳಿ ವಾರ ಬೇಡ. ಯಲಹಂಕ ಸುತ್ತಮುತ್ತ ಆದ್ರೆ ಏರೋ ಇಂಡಿಯಾ ವಾರವೂ ಬೇಡ. 2025ರಲ್ಲಿ ಅದು ಫೆಬ್ರವರಿ 10ರಿಂದ 14ರವರೆಗೆ ನಡೀತು. ತಲೆ ಮೇಲೆ ಯುದ್ಧವಿಮಾನ ಹಾರುವಾಗ ಹಳೇ ನಾಯಿಗಳೇ ಮಂಚದ ಕೆಳಗೆ ಸೇರ್ತವೆ, ಹೊಸದರ ಪಾಡೇನು?

ಕೊನೆಗೆ ಒಂದು ಕಾಗದ

ಎರಡೂ ಕಡೆಯವರು ಸಹಿ ಹಾಕಿದ ದತ್ತು ಪತ್ರ ಇರಲಿ. ಅದರಲ್ಲಿ ಒಂದು ಸಾಲು ತಪ್ಪದೇ ಬರೀರಿ: ಸಾಕೋಕೆ ಆಗದಿದ್ರೆ ಬೇರೆಯವರಿಗೆ ಕೊಡದೆ ನಮಗೇ ವಾಪಸ್ ಕೊಡ್ತೀವಿ. ವಾಪಸ್ ಬಂದಾಗ ಬೈಯಬೇಡಿ. ಬೈಗುಳಕ್ಕೆ ಹೆದರಿದವರೇ ರಾತ್ರಿ ಕತ್ತಲಲ್ಲಿ ಕೆರೆ ಏರಿ ಮೇಲೆ ನಾಯಿ ಬಿಟ್ಟುಹೋಗೋದು. ಒಬ್ಬರೇ ಮಾಡೋಕೆ ಕಷ್ಟ ಅನ್ಸಿದ್ರೆ, 1991ರಲ್ಲಿ ಶುರುವಾದ ಕ್ಯೂಪಾದಂಥ ಸಂಸ್ಥೆಗಳ ಸಲಹೆ ಕೇಳಿ.

ಭೀಮನ್ನ ನೋಡೋಕೆ ಯಲಹಂಕದ ಒಂದು ಕುಟುಂಬ ಎರಡು ಸಲ ಬಂದಿದೆ. ಅಪ್ಪ, ಅಮ್ಮ, ಕಾಲೇಜು ಓದೋ ಮಗಳು ಎಲ್ಲರೂ ರೆಡಿ. ಅಜ್ಜಿ ಇನ್ನೂ ಹೂಂ ಅಂದಿಲ್ಲ. ಅಜ್ಜಿ ಓಡಾಡೋದು ಕೋಲು ಹಿಡ್ಕೊಂಡು, ಭೀಮನಿಗೋ ಕೋಲು ಕಂಡ್ರೆ ಭಯ. ಹೋದ ಭಾನುವಾರ ಅಜ್ಜಿ ಕೋಲನ್ನ ಗೋಡೆಗೆ ಒರಗಿಸಿ, ಕೂತಲ್ಲಿಂದಲೇ ಒಂದು ಬಿಸ್ಕೆಟ್ ಎಸೆದರು. ಅವನು ತಿಂದ. ಮೂರನೇ ಭೇಟಿ ಈ ಭಾನುವಾರ. ಇಬ್ಬರೂ ಒಪ್ಪೋವರೆಗೆ ಅವನು ನಮ್ಮ ಮನೆಯಲ್ಲೇ ಇರ್ತಾನೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.