ಮರಾದಿಯ ಹಸಿರು ಪಟ್ಟಿ

ನೈಜರ್ ದೇಶದ ಮರಾದಿಯಲ್ಲಿ ಎರಡು ವರ್ಷ ಮಕ್ಕಳನ್ನು ತೂಗಿದವಳು ನಾನು. ತೂಕದ ಜೋಳಿಗೆಯಲ್ಲಿ ಕೂರಿಸಿದರೆ ಅಳು; ತೋಳಿಗೆ ಬಣ್ಣದ ಅಳತೆಪಟ್ಟಿ ಸುತ್ತಿದರೆ ಬಳೆ ತೊಡಿಸಿದಂತೆ ನಗು. 12.5 ಸೆಂಟಿಮೀಟರ್ ದಾಟಿದರೆ ಹಸಿರು. 11.5ಕ್ಕಿಂತ ಕೆಳಗಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ.

ಐದು ವರ್ಷದೊಳಗಿನ ಹೆಣ್ಣುಮಕ್ಕಳ ಸಂಖ್ಯೆ ಅಲ್ಲಿ ಏರುತ್ತಲೇ ಇದೆ. ಒಬ್ಬ ತಾಯಿಗೆ ಸರಾಸರಿ ಆರರಷ್ಟು ಮಕ್ಕಳು ಎಂಬುದು ಒಂದು ಕಾರಣ. ನನ್ನ ಮನಸ್ಸು ತಟ್ಟಿದ್ದು ಇನ್ನೊಂದು: ಹುಟ್ಟಿದವರು ಈಗ ಉಳಿಯುತ್ತಿದ್ದಾರೆ. 1990ರಲ್ಲಿ ಸಾವಿರಕ್ಕೆ 300ಕ್ಕೂ ಹೆಚ್ಚು ಕಂದಮ್ಮಗಳು ಐದು ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಇಂದು ಅದು ಅರ್ಧಕ್ಕಿಂತ ಕಡಿಮೆ. ಇದರ ಹಿಂದಿರುವುದು ದಡಾರದ ಲಸಿಕೆ, ಸೊಳ್ಳೆಪರದೆ, ಹಳ್ಳಿಯ ಆರೋಗ್ಯ ಕುಟೀರ, ಪೊಟ್ಟಣದಲ್ಲಿ ಬರುವ ಶೇಂಗಾ ಪೇಸ್ಟ್. 2006ರಿಂದ ಐದರೊಳಗಿನವರಿಗೆ ಉಚಿತ ಚಿಕಿತ್ಸೆ.

ಹೀಗೆ ಬದುಕುಳಿದ ಹುಡುಗಿಯರಿಗೆ ಶಿಶುವಿಹಾರಗಳು ಮಾತ್ರ ತೀರಾ ಕಡಿಮೆ. ಮುಂದಿನ ದಾರಿಯೂ ಸುಲಭವಲ್ಲ: 2012ರ ಸಮೀಕ್ಷೆಯಂತೆ, ನಾಲ್ವರು ಯುವತಿಯರಲ್ಲಿ ಮೂವರಿಗೆ 18ಕ್ಕೆ ಮೊದಲೇ ಮದುವೆಯಾಗಿತ್ತು.

ನಾಲ್ಕು ವರ್ಷದ ಹುಡುಗಿಯೊಬ್ಬಳು ಪ್ರತಿ ವಾರ ತಂಗಿಯನ್ನು ಕರೆತರುವ ತಾಯಿಯ ಜೊತೆ ಬರುತ್ತಿದ್ದಳು. ನಾನು ಬರೆಯುವಷ್ಟು ಹೊತ್ತು ಮರಳಲ್ಲಿ ಬೆರಳಿಟ್ಟು ನನ್ನ ಅಂಕಿಗಳನ್ನು ನಕಲು ಮಾಡುತ್ತಿದ್ದಳು. 8 ಬರೆಯಲು ಮೂರು ವಾರ ಹಿಡಿಯಿತು.